ಹಸಿರು ದಿನ

“ಮೀನು ಹಿಡಿಯೋದಕ್ಕೆ,” ಎಂದುಬಿಟ್ಟ ಆರ್ಸೆನಿ.

ಹೇಳಿದ ಮೇಲೆ ತನ್ನ ದನಿ ತನಗೇ ಬೇರೆ ಯಾರದೋ ಎನ್ನಿಸಿತು. ಪಕ್ಕದ ಮೇಜಿನ ಮುದುಕ ಪೊರ್ಫೀರಿ ಸಾವಿಚ್ ಪೆನ್ಸಿಲ್ ಕೆತ್ತುವುದನ್ನು ನಿಲ್ಲಿಸಿ ಕನ್ನಡಕದ ಮೇಲಿನಿಂದ ನೋಡಿದ.

“ನಾಳೆ ನನ್ನ ರಜಾ ನಿಮಗೆ ಬೇಕಾಗಿರೋದು ಮೀನು ಹಿಡಿಯೋದಕ್ಕಾ?”

“ಮಂಜುಗಡ್ಡೆ ಕೊರೆದು ಹಿಡಿಯೋದು. ನದಿ ಮೇಲೆ ಅದು ಇನ್ನೊಂದು ವಾರ ಇರಲ್ಲವಂತೆ.”

“ಈಗ ವಾರ ಎಲ್ಲಿದೆ, ಆರ್ಸೆನಿ ಗ್ಲೆಬೊವಿಚ್?”

ನಿಜ, ವಾರ ಇರಲಿಲ್ಲ. ಸರ್ಕಾರ ಭಾನುವಾರವನ್ನು ತೆಗೆದುಹಾಕಿ ಆರು ತಿಂಗಳಾಗಿತ್ತು. ಕಾರ್ಖಾನೆಯ ಯಂತ್ರಗಳು ಒಂದು ಗಳಿಗೆಯೂ ನಿಲ್ಲಬಾರದು. ಅದಕ್ಕಾಗಿ ಐದು ದಿನಕ್ಕೆ ಐದು ಬಣ್ಣ, ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಚೀಟಿ. ಆ ಬಣ್ಣದ ದಿನ ಮಾತ್ರ ಬಿಡುವು. ಆರ್ಸೆನಿಗೆ ಹಳದಿ. ನೂಲಿನ ಗಿರಣಿಯಲ್ಲಿದ್ದ ಹೆಂಡತಿ ಲಿದಿಯಾಳಿಗೆ ಹಸಿರು, ಪೊರ್ಫೀರಿಗೂ ಅದೇ. ಶಿಶುವಿಹಾರಕ್ಕೆ ಹೋಗುತ್ತಿದ್ದ ಮಗಳು ಆಸ್ಯಾಳಿಗೆ ನೇರಳೆ. ಚೀಟಿ ಬಂದ ಮೇಲೆ ಮೂವರೂ ಒಟ್ಟಿಗೆ ಕೂತು ಮಧ್ಯಾಹ್ನದ ಊಟ ಮಾಡಿದ್ದು ಅವನಿಗೆ ನೆನಪಿಲ್ಲ.

ಗಂಟಲುಮಾರಿ ಬಂದು ಆಸ್ಯಾ ತೀರಿಕೊಂಡದ್ದು ಒಂದು ಹಳದಿ ದಿನ. ಅವನೊಬ್ಬನೇ ಹತ್ತಿರವಿದ್ದ. ಲಿದಿಯಾ ಗಿರಣಿಯಿಂದ ಬರುವ ಹೊತ್ತಿಗೆ ಮಗುವಿನ ಕೈ ತಣ್ಣಗಾಗಿತ್ತು.

ನಾಳೆ ಹಸಿರು ದಿನ; ಮಗು ಹೋಗಿ ನಲವತ್ತನೆಯ ದಿನ. ಹೋದ ಜೀವ ಅಲ್ಲಿಯತನಕ ಮನೆಯ ಸುತ್ತಲೇ ಇದ್ದು, ಆ ದಿನ ದೇವರ ಕಡೆಗೆ ಹೊರಡುತ್ತದೆ. ಹೆತ್ತವರು ಗೋರಿಯ ಬಳಿ ನಿಂತು ಕಳಿಸಿಕೊಡಬೇಕು.

“ಇಬ್ಬರೂ ನಿಂತ್ಕೋಬೇಕು,” ಎಂದಿದ್ದಳು ಲಿದಿಯಾ ಬೆಳಿಗ್ಗೆ. ನಾಲ್ಕಾರು ಸಂಸಾರಗಳ ಪಾಲಿನ ಅಡುಗೆಮನೆಯಲ್ಲಿ, ಗೋರಿಯ ಬಳಿ ಹಂಚಲು ನೆರೆಯವರಿಗೆ ಕಾಣದಂತೆ ನೆನೆಹಾಕಿದ ಗೋಧಿಯ ಮೇಲೆ ತಟ್ಟೆ ಮುಚ್ಚುತ್ತಿದ್ದಳು. “ಅವತ್ತಂತೂ ನಾನಿರಲಿಲ್ಲ. ನಾಳೆ ನೀವಿಲ್ಲದೆ ಹೋಗೋ ಹಾಗೆ ಮಾಡ್ಬೇಡಿ. ಯಾರನ್ನಾದ್ರೂ ಕೇಳಿ, ಕಾಲಿಗಾದ್ರೂ ಬೀಳಿ.”

ಪೊರ್ಫೀರಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ.

“ಮಗು ಹೋಗಿ ಎಷ್ಟು ದಿನ ಆಯ್ತು?”

“ಎಣಿಸಿಲ್ಲ.”

“ನಲವತ್ತು ಆಗಿದ್ರೆ ಹೇಳಿ. ಚೀಟಿ ಈಗ್ಲೇ ಕೊಡ್ತೀನಿ. ನಾನೂ ಇಬ್ಬರನ್ನ ಮಣ್ಣಿಗೆ ಕೊಟ್ಟವನು.”

ಆರ್ಸೆನಿ ಸುತ್ತ ನೋಡಿದ. ನಕ್ಷೆ ಬರೆಯುವ ಆ ಉದ್ದನೆಯ ಕೋಣೆಯಲ್ಲಿ ಇಪ್ಪತ್ತು ಹಲಗೆಗಳು, ಬಾಗಿದ ಬೆನ್ನುಗಳು. ಕಿಟಕಿಯ ಪಕ್ಕದ ಹಲಗೆ ಮಾತ್ರ ಯಾವ ಬಣ್ಣದ ದಿನವೂ ಖಾಲಿ. ಕ್ರಿಸ್ಮಸ್ ದಿನ ತಡವಾಗಿ ಬಂದವನದು; ಇಗರ್ಜಿಗೆ ಹೋಗಿದ್ದ ಎಂದು ಯಾರೋ ಮೇಲಿನವರಿಗೆ ಹೇಳಿದ್ದರು. ಅವನ ಹೆಸರನ್ನು ಈಗ ಯಾರೂ ಎತ್ತುವುದಿಲ್ಲ. ಆದರೆ ಈ ಪೊರ್ಫೀರಿ? ಹಿಂದೆ ಚಕ್ರವರ್ತಿಯ ಚಿಕ್ಕಪ್ಪನ ಅರಮನೆಗೆ ಮೆಟ್ಟಿಲಿನ ಕಟಕಟೆಯ ನಕ್ಷೆ ಬರೆದುಕೊಟ್ಟವನು. ಅಂಥವನನ್ನು ಇನ್ನೂ ಇಲ್ಲಿ ಕೂರಿಸಿದ್ದಾರೆ ಎಂದರೆ ಏತಕ್ಕೆ? ಯಾರಿಗೆ ಏನು ಹೇಳುತ್ತಿರುವುದಕ್ಕೆ?

ತನ್ನ ಕೆಲಸದ ಅರ್ಜಿಯಲ್ಲಿ ಆರ್ಸೆನಿ ತಂದೆಯ ಉದ್ಯೋಗ ‘ಗುಮಾಸ್ತ’ ಎಂದು ಬರೆದಿದ್ದ. ತಂದೆ ಇಗರ್ಜಿಯಲ್ಲಿ ಸತ್ತವರ ಹೆಸರು ಹೇಳಿ ಪ್ರಾರ್ಥನೆ ಹಾಡುತ್ತಿದ್ದವನು. ಅದು ಗೊತ್ತಾದರೆ ತನ್ನ ಹಲಗೆಯೂ ಖಾಲಿ.

“ನನಗೆ ಅಂಥದ್ದರಲ್ಲೆಲ್ಲ ನಂಬಿಕೆ ಇಲ್ಲ,” ಎಂದ ಆರ್ಸೆನಿ. ಎರಡು ಹಲಗೆ ಆಚೆಗೂ ಕೇಳಿಸುವಷ್ಟು ಗಟ್ಟಿಯಾಗಿಯೇ ಹೇಳಿದ.

“ಹಾಗಾದ್ರೆ ಬರೀ ಮೀನು.”

“ಬರೀ ಮೀನು.”

ಮುದುಕ ಅವನ ಮುಖವನ್ನೇ ನೋಡುತ್ತಿದ್ದ. ಇನ್ನೊಂದು ಮಾತಿಗೆ ಕಾಯುತ್ತಿದ್ದಂತೆ ಕಂಡಿತು. ಆಮೇಲೆ ಪೆನ್ಸಿಲ್ ಎತ್ತಿಕೊಂಡ.

“ಮೀನಿಗಾದ್ರೆ ಆಗಲ್ಲಪ್ಪ. ನನ್ನ ಮೊಮ್ಮಗಳೂ ಹಸಿರು. ಐದು ದಿನಕ್ಕೊಂದು ಸಲ ಅವಳ ಮುಖ ನೋಡೋದು ನಾನು.”

ಆರ್ಸೆನಿಗೆ ಮೊದಲು ಆದದ್ದು ನಿರಾಳ. ನಾಚಿಕೆ ಆಮೇಲೆ ಬಂತು, ಅದೂ ಸಣ್ಣದಾಗಿ. ಅವನು ಟ್ರ್ಯಾಕ್ಟರಿನ ಹಲ್ಲುಚಕ್ರಕ್ಕೆ ಹಲ್ಲುಗಳನ್ನು ಬರೆಯುತ್ತ ಹೋದ. ಒಂದೂ ತಪ್ಪಲಿಲ್ಲ.

ಮೂರು ಗಂಟೆಗೆ ಪಾಳಿ ಮುಗಿಯಿತು. ಮನೆಗೆ ಹೋಗಿ ಲಿದಿಯಾಳಿಗೆ ಏನು ಹೇಳುವುದು? ‘ಕೇಳಿದೆ, ಕೊಡಲಿಲ್ಲ.’ ಅದು ಸುಳ್ಳೇನಲ್ಲ. ಹೊತ್ತು ಕಳೆಯಲು ಅವನು ಫೋಟೊ ಅಂಗಡಿಗೆ ಹೋದ. ಶಿಶುವಿಹಾರದವರ ಗುಂಪಿನ ಚಿತ್ರದಿಂದ ಆಸ್ಯಾಳೊಬ್ಬಳನ್ನೇ ದೊಡ್ಡದು ಮಾಡಿಕೊಡಲು ಹೇಳಿದ್ದ.

“ಮುಖ ಚೆನ್ನಾಗಿ ಬಂದಿದೆ. ಹೆಗಲ ಮೇಲೆ ಯಾರದೋ ಕೈ ಉಳ್ಕೊಂಡಿದೆ, ಅದನ್ನ ತೆಗೆಯೋಕಾಗ್ಲಿಲ್ಲ,” ಎಂದ ಫೋಟೊದವನು. “ಸ್ವಲ್ಪ ತಡೀರಿ, ಇವರದು ಮುಗಿಸಿ ಕೊಡ್ತೀನಿ.”

ಗಾಜಿನ ಸೂರಿನ ಕೆಳಗೆ ಒಂದು ಪರದೆ. ಅದರಲ್ಲಿ ಹಿಂದೆ ಅರಮನೆಯ ತೋಟವಿತ್ತು; ಈಗ ಮೇಲೆ ಚಿಮಣಿಗಳನ್ನು ಬಳಿದಿದ್ದರು. ಹೊಗೆಯೊಳಗಿಂದ ಒಂದು ಹಂಸದ ಕತ್ತು ಮಸುಕಾಗಿ ಕಾಣುತ್ತಿತ್ತು. ಪರದೆಯ ಮುಂದೆ ಒಬ್ಬ ಹೆಂಗಸು, ಐದಾರು ವರ್ಷದ ಹುಡುಗಿ. ನಡುವೆ ಖಾಲಿ ಕುರ್ಚಿ.

“ನಮ್ಮನೆಯವರದು ಗುಲಾಬಿ,” ಎಂದಳು ಹೆಂಗಸು, ತಪ್ಪು ಮಾಡಿದವಳಂತೆ.

“ಮೂರು ದಿನ ಬಿಟ್ಟು ಬರ್ತಾರೆ. ಚಿತ್ರ ಮೂಡೋ ಅದೇ ಗಾಜಿನ ಮೇಲೆ ಅವರನ್ನೂ ಕೂರಿಸ್ತೀನಿ,” ಎಂದ ಫೋಟೊದವನು. “ಈಗ ಊರಲ್ಲಿ ಸಂಸಾರಗಳು ಕೂಡೋದು ನನ್ನ ಗಾಜಿನ ಮೇಲೇ. ಕಾಮ್ರೇಡ್, ಒಂದು ನಿಮಿಷ ಆ ಕುರ್ಚೀಲಿ ಕೂತ್ಕೊಳ್ಳಿ. ಅಳತೆ ನೋಡ್ಬೇಕು. ಹೆದರ್ಬೇಡಿ, ನಿಮ್ಮನ್ನ ತೆಗೆಯಲ್ಲ.”

ಆರ್ಸೆನಿ ಕೂತ. ಹುಡುಗಿ ಅವನನ್ನು ಒಮ್ಮೆ ನೋಡಿ, ಯಾರೂ ಹೇಳದೆಯೇ ತನ್ನ ಕೈಯನ್ನು ಅವನ ಅಂಗೈಯೊಳಗೆ ಇಟ್ಟಳು. ಕೈ ಬೆಚ್ಚಗಿತ್ತು. ಮಿಠಾಯಿಯ ಅಂಟು.

ಪೊರ್ಫೀರಿಯ ಮನೆ ಇಲ್ಲಿಗೆ ಎರಡೇ ಬೀದಿ. ಈಗಲೂ ಹೋಗಿ ನಿಜ ಹೇಳಬಹುದು. ಬೆಳಕು ಇನ್ನೂ ಇದೆ. ಎದ್ದರಾಯಿತು, ಅಷ್ಟೆ.

ಫೋಟೊದವನು ಕಪ್ಪು ಬಟ್ಟೆಯೊಳಗೆ ತಲೆ ಹಾಕಿದ.

“ಅಲ್ಲಾಡ್ಬೇಡಿ,” ಎಂದಿತು ಒಳಗಿನಿಂದ ದನಿ.

ಅವನು ಅಲ್ಲಾಡಲಿಲ್ಲ. ಹೆಂಗಸು ಉಸಿರು ಬಿಗಿಹಿಡಿದಿದ್ದಳು. ಗಾಜಿನ ಸೂರಿನ ಮೇಲೆ ಕಾರ್ಖಾನೆಯ ಮಸಿ ಸಣ್ಣಗೆ ಉದುರುತ್ತಿತ್ತು. ಎದುರಿಗೆ ತಲೆಯಿಲ್ಲದ ಆ ಕಪ್ಪು ಆಕೃತಿ ಮೂರು ಮರದ ಕಾಲುಗಳ ಮೇಲೆ ನಿಂತು ಅವನನ್ನೇ ನೋಡುತ್ತಿತ್ತು. ಬಟ್ಟೆ ಮೇಲೇಳಲಿಲ್ಲ. ಅವನೂ ಏಳಲಿಲ್ಲ.