ಬಾಗಿಲಿಗೆ ಅಂಟಿಸಿ ಹೋದ ಕಾಗದ

ಕೋರ್ಟಿನಿಂದ ಕಾಗದ ಬಂತು ಅಂದರೆ ಸಾಕು, ಎಂಥವರಿಗೂ ಕೈಕಾಲು ತಣ್ಣಗಾಗುತ್ತದೆ. ಕೆಲವರು ಅದನ್ನು ಹಾಸಿಗೆ ಕೆಳಗೆ ತಳ್ಳುತ್ತಾರೆ. ಕೆಲವರು ಹರಿದು ಬಿಸಾಡುತ್ತಾರೆ. ನಮ್ಮ ಬೀದಿಯ ಅಜ್ಜಿ ಮಾಡಿದ ಕೆಲಸವನ್ನು ಮಾತ್ರ ಇಪ್ಪತ್ತೆರಡು ವರ್ಷದ ವಕೀಲಿಯಲ್ಲಿ ನಾನು ಕಂಡಿರಲಿಲ್ಲ.

ನನ್ನ ಕರಿ ಕೋಟಿಗೆ ಇಸ್ತ್ರಿ ಹಾಕುವವಳು ನಮ್ಮ ಇಸ್ತ್ರಿ ಅಕ್ಕ. ಗಂಡ ತೀರಿಕೊಂಡ ಮೇಲೆ ಮನೆ ಪಕ್ಕದ ಓಣಿಯಲ್ಲಿ ಮೇಜು ಹಾಕಿಕೊಂಡು ಈ ಕೆಲಸ ಹಿಡಿದವಳು. ಜೊತೆಗೆ ಅತ್ತೆ, ಅಂದರೆ ಈ ಅಜ್ಜಿ. ಬಟ್ಟೆ ಮಡಚುವುದು, ಗಿರಾಕಿಗಳನ್ನು ಗದರುವುದು ಎರಡೂ ಅವರ ಪಾಲು.

ಒಂದು ಬೆಳಿಗ್ಗೆ ಕೋಟು ಬಂತು. ಕಾಲರ್ ಮುದುಡದಿರಲಿ ಅಂತ ಒಳಗೆ ಕಾಗದ ಮಡಚಿ ಇಟ್ಟಿದ್ದರು. ಬಿಚ್ಚಿದರೆ ಕೋರ್ಟಿನ ಸಮನ್ಸ್! ಹಿಂಬದಿಯೆಲ್ಲ ಒಣಗಿದ ಅಂಟು. ಇಸ್ತ್ರಿ ಅಕ್ಕನ ಹೆಸರು. ಹಾಜರಾಗಬೇಕಿದ್ದ ದಿನ ಕಳೆದು ಹತ್ತು ದಿನ ಆಗಿತ್ತು.

ತಿಂಡಿ ಬಿಟ್ಟು ಓಡಿದೆ.

"ಅಜ್ಜಿ, ಇದೇನಿದು?"

"ಯಾವನೋ ತಂದ. ತಗೊಳ್ಳಲ್ಲ ಹೋಗು ಅಂದೆ. ಬಾಗಿಲಿಗೆ ಅಂಟಿಸಿ ಹೋದ. ಕಿತ್ತೆ. ಒಳ್ಳೆ ಗಟ್ಟಿ ಕಾಗದ, ವಕೀಲಪ್ಪ."

"ತಗೊಳ್ಳದಿದ್ದರೂ ತಲುಪಿದ ಹಾಗೇ ಲೆಕ್ಕ, ಅಜ್ಜಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣಲ್ವಾ?"

ಇಸ್ತ್ರಿ ಅಕ್ಕ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. "ನಾವು ಕದ್ದಿಲ್ಲ, ಕೊಂದಿಲ್ಲ. ನಮ್ಮನ್ಯಾಕೆ ಕರೀತಾರೆ ಸಾರ್? ಜೈಲಿಗೆ ಹಾಕ್ತಾರಾ?"

"ಇದು ಕಳ್ಳತನದ ಕೇಸಲ್ಲ ಅಕ್ಕ. ನಿಮ್ಮ ಹಿಂಬದಿ ಮನೆಯ ಗಡಿಯಾರ ರಿಪೇರಿಯವರು ಹಾಕಿರೋದು. ಓಣಿ ತಮ್ಮದು, ನೀವಲ್ಲಿ ಕಾಲಿಡಬಾರದು ಅಂತ. ನೀವು ಬರಲಿಲ್ಲ. ಇನ್ನು ಅವರ ಮಾತಷ್ಟೇ ಕೇಳ್ತಾರೆ. ಹೀಗೇ ಬಿಟ್ಟರೆ ಮೇಜೂ ಹೋಗುತ್ತೆ, ದಾರಿಯೂ ಹೋಗುತ್ತೆ."

ಅಜ್ಜಿ ಜಗ್ಗಲಿಲ್ಲ. "ಕೋರ್ಟಲ್ಲಿ ಗೆದ್ದೋನು ಸೋತ, ಸೋತೋನು ಸತ್ತ. ನಮ್ಮ ಮನೆಯಲ್ಲಿ ಯಾರೂ ಆ ಮೆಟ್ಟಿಲು ಹತ್ತಿಲ್ಲ."

"ಹತ್ತದೇ ಸೋತೋನಿಗೆ ಏನಂತಾರೆ ಅಜ್ಜಿ?"

ಅಜ್ಜಿ ಕೈಲಿದ್ದ ಬಟ್ಟೆ ಮಡಚಿಟ್ಟರು. ಹೋಗಿ ಚಪ್ಪಲಿ ಮೆಟ್ಟಿಕೊಂಡರು.

ಎರಡೂ ಕಡೆಯವರು ನನ್ನ ನೆರೆಯವರೇ ಆದ್ದರಿಂದ ಕೇಸನ್ನು ನಾನು ಹಿಡಿಯದೆ, ಇಬ್ಬರನ್ನೂ ಕೋರ್ಟಿನ ಉಚಿತ ಕಾನೂನು ನೆರವಿನ ಕೊಠಡಿಗೆ ಕರೆದುಕೊಂಡು ಹೋದೆ. ಅಲ್ಲಿ ಒಬ್ಬ ವಕೀಲೆಯನ್ನು ಗೊತ್ತುಮಾಡಿಕೊಟ್ಟರು. ಆಕೆ ಮೊದಲು ದಾವೆಯ ಪ್ರತಿ ತರಿಸಿ, ವೆರಾಂಡದ ಬೆಂಚಿನ ಮೇಲೆ ಕೂರಿಸಿ ಓದಿ ಹೇಳಿದರು. ನಾಲ್ಕನೇ ಸಾಲಿಗೆ ಬಂದಾಗ ಅಜ್ಜಿ ಕೈ ಎತ್ತಿದರು.

"ಇನ್ನೊಂದ್ಸಲ ಓದವ್ವಾ."

"ನನ್ನ ಹೆಂಡತಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಾಳೆ. ಮೇಜು ಅಡ್ಡ ಇರುವುದರಿಂದ ಗಾಲಿ ಕುರ್ಚಿ ಓಣಿಯಲ್ಲಿ ದಾಟುವುದಿಲ್ಲ. ನಾಲ್ಕು ತಿಂಗಳಿಂದ ಮನೆಯಿಂದ ಹೊರಗೆ ಬಂದಿಲ್ಲ."

"ಅಯ್ಯೋ, ಮಗಳ ಮನೇಲಿದಾಳೆ ಅಂದುಕೊಂಡಿದ್ನಲ್ಲೇ," ಅಂದರು ಸೊಸೆಗೆ. ಉಳಿದ ಸಾಲುಗಳನ್ನು ಬೆಂಚಿನ ತುದಿಗೆ ಸರಿದು, ಕಿವಿಗೊಟ್ಟು ಕೇಳಿದರು.

ಮುಂದಿನ ತಾರೀಖಿಗೆ ನ್ಯಾಯಾಧೀಶರು ಕೇಳಿದರು: "ಹಿಂದಿನ ಸಲ ಯಾಕೆ ಬರಲಿಲ್ಲಮ್ಮಾ?"

ಅಕ್ಕ ಕೈಮುಗಿದಳು. "ಹೆದರಿಕೆ ಆಯ್ತು ಸ್ವಾಮಿ. ಓದಲೂ ಇಲ್ಲ. ತಪ್ಪಾಯ್ತು."

ಆ ಕಡೆಯ ವಕೀಲರು ಎದ್ದು ಆಕ್ಷೇಪಿಸಿದರು. ನ್ಯಾಯಾಧೀಶರು ಕೇಳಿಕೊಂಡರು; ಆದರೂ ಇದೊಂದು ಸಲ ಅವಕಾಶ ಕೊಟ್ಟರು. ಉತ್ತರ ಬರೆದುಕೊಡಲು ದಿನ ಗೊತ್ತುಮಾಡಿದರು. ಅಕ್ಕಪಕ್ಕದವರು, ಒಮ್ಮೆ ಕೂತು ಮಾತಾಡಿ ಅಂತ ಮಧ್ಯಸ್ಥಿಕೆ ಕೊಠಡಿಗೂ ಕಳಿಸಿದರು.

ಎಲ್ಲರಿಗೂ ಇಂಥ ಅವಕಾಶ ಸಿಗುವುದಿಲ್ಲ. ತೀರ್ಪು ಆಗಿಬಿಟ್ಟ ಮೇಲೆ ಬಾಗಿಲು ತಟ್ಟುವವರ ದಾರಿ ಇನ್ನೂ ಕಡಿದು. ಅಂಥವರ ಮುಂದೆ ಏನೂ ಮಾಡಲಾಗದೆ ಕೈಕಟ್ಟಿ ನಿಂತದ್ದೂ ಉಂಟು ನಾನು.

ಮಧ್ಯಸ್ಥಿಕೆ ಕೊಠಡಿಯಲ್ಲಿ ಒಂದು ಉದ್ದ ಮೇಜು, ಆರು ಕುರ್ಚಿ. ಗಡಿಯಾರದವರು ಮುಖ ಊದಿಸಿಕೊಂಡು ಕೂತಿದ್ದರು.

"ಸೊಂಟ ಮುರಿದಿದೆ ಅಂತ ಒಂದು ಮಾತು ಹೇಳಬಾರದಿತ್ತಾ?" ಅಂದರು ಅಜ್ಜಿ.

"ಮೇಜು ಸರಿಸಿ ಅನ್ನೋ ಹೊತ್ತಿಗೇ ನೀವು ನನ್ನ ಜನ್ಮ ಜಾಲಾಡಿದ್ರಿ. ಮುಂದಿನ ಮಾತಿಗೆ ಬಿಟ್ರಾ?"

ಅಕ್ಕ ಮೊದಲು ನಕ್ಕಳು. ತಡೆಯಲಾಗದೆ ಗಡಿಯಾರದವರೂ ನಕ್ಕರು. ಅಜ್ಜಿ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡರು.

ಓಣಿ ಇಬ್ಬರಿಗೂ ಸೇರಿದ ದಾರಿ, ಇಸ್ತ್ರಿ ಮೇಜು ಮುಂಬಾಗಿಲ ಜಗಲಿಗೆ, ಗಾಲಿ ಕುರ್ಚಿಗೆ ಯಾವ ಹೊತ್ತಿನಲ್ಲೂ ತಡೆಯಿಲ್ಲ. ಇಷ್ಟನ್ನೂ ಬರೆದು, ಎರಡೂ ಕಡೆಯವರು ಸಹಿ ಹಾಕಿದರು. ಕೋರ್ಟು ಅದನ್ನೇ ತೀರ್ಪಾಗಿಸಿತು. ಈಗ ಸಂಜೆ ಐದಕ್ಕೆ ಗಡಿಯಾರದವರ ಹೆಂಡತಿಯನ್ನು ಬಿಸಿಲಿಗೆ ತರುವವರು ಅಜ್ಜಿಯೇ. ದಾರಿಯುದ್ದಕ್ಕೂ ಗದರುತ್ತಾ ತರುತ್ತಾರೆ, ಅದು ಬೇರೆ ಮಾತು.

ಅಮ್ಮಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಕೋರ್ಟಿನ ಕಾಗದ ಬರಬಹುದು. ತಗೊಳ್ಳಿ. ಓದಿ, ಬಾರದಿದ್ದರೆ ಓದಿಸಿಕೊಳ್ಳಿ. ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ದಿನ ಹೋಗಿ. ವಕೀಲರನ್ನಿಡಲು ಕೈಲಾಗದಿದ್ದರೆ ಉಚಿತ ಕಾನೂನು ನೆರವಿನ ಕೊಠಡಿ ಎಲ್ಲಿ ಅಂತ ಕೋರ್ಟಿನ ಬಾಗಿಲಲ್ಲೇ ಕೇಳಿ, ತೋರಿಸುತ್ತಾರೆ. ಹೆದರಿಕೆ ಆದರೆ ಆಗಲಿ, ಅದನ್ನೂ ಜೊತೆಗೇ ಕರೆದುಕೊಂಡು ಹೋಗಿ. ನಿಮ್ಮ ಮಾತನ್ನು ನೀವೇ ಆಡಬೇಕು.