ದೊಡ್ಡಮ್ಮನೂ ಬಳಸುತ್ತಾರೆ

ಸೆಟ್ಟಿಂಗ್ಸ್ ಮಾವ ಬರುತ್ತಾನೆಂದರೆ ಅವನ ಅಕ್ಕನ ಮನೆಯಲ್ಲಿ ಎಲ್ಲರೂ ಮೊದಲು ಮಾಡುತ್ತಿದ್ದ ಕೆಲಸ ಫೋನು ಬಚ್ಚಿಡುವುದು. ಅವನು ಚಪ್ಪಲಿ ಬಿಡುವಷ್ಟರಲ್ಲೇ ಯಾರದ್ದಾದರೂ ಫೋನಿಗೆ ಕೈ ಹಾಕಿ, "ಇದೇನ್ರೀ, ಎಲ್ಲಿಗೆ ಹೋದ್ರೂ ಊರಿಗೆಲ್ಲ ಗೊತ್ತಾಗೋ ಹಾಗೆ ಲೊಕೇಶನ್ ಆನ್ ಇಟ್ಕೊಂಡಿದೀರಲ್ಲ" ಎಂದು ಶುರು ಮಾಡಿದನೆಂದರೆ ಊಟ ಆರಿ ತಣ್ಣಗಾಗುವವರೆಗೂ ಬಿಡುತ್ತಿರಲಿಲ್ಲ. ಹೊಟ್ಟೆಪಾಡಿಗೆ ಅವನು ಒಂದು ರೋಗಪರೀಕ್ಷೆಯ ಸೆಂಟರಿನಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದ. ದಿನವಿಡೀ "ಉಸಿರು ಬಿಗಿ ಹಿಡೀರಿ, ಹಾಂ, ಈಗ ಬಿಡಿ" ಎನ್ನುವುದು ಅವನ ಕೆಲಸ. ಒಬ್ಬ ರೋಗಿ ಹೋಗಿ ಇನ್ನೊಬ್ಬ ಬರುವ ಸಂದಿನಲ್ಲಿ ಇಂಟರ್ನೆಟ್ಟಿನ ಒಂದು ಚರ್ಚಾಕಟ್ಟೆಯಲ್ಲಿ ಜಗಳ ಕಾಯುವುದು ಅವನ ಜೀವನ. ಸೆಟ್ಟಿಂಗ್ಸ್ ಮಾವ ಎಂದು ಹೆಸರಿಟ್ಟವಳು ಅಕ್ಕನ ಮಗಳು ಪುಟ್ಟಿ.

ಅವನು ಹೇಳುತ್ತಿದ್ದುದು ತಪ್ಪೆಂದಲ್ಲ. ಬಹುಮಟ್ಟಿಗೆ ಸರಿಯೇ ಇರುತ್ತಿತ್ತು, ತೊಂದರೆ ಇದ್ದದ್ದೇ ಅಲ್ಲಿ. ಎಲ್ಲಾ ಕಡೆಗೂ ಒಂದೇ ಪಾಸ್‌ವರ್ಡ್ ಇಡಬಾರದು, ನಿಜ. ಅಪ್‌ಡೇಟನ್ನು "ನಾಳೆ" ಎಂದು ತಳ್ಳುತ್ತಾ ಹೋಗಬಾರದು, ಅದೂ ನಿಜ. ಸರಿಯಾದ ಮಾತು ಬಾಯಲ್ಲಿರುವ ಮನುಷ್ಯನಿಗೆ ಎದುರಿಗಿರುವವರ ಮುಖ ಕಾಣಿಸುವುದಿಲ್ಲ, ಅಷ್ಟೇ.

ಹಾಗೆ ಅವನಿಗೆ ಹತ್ತಿದ ಹೊಸ ಹುಚ್ಚು ಮೆಸೇಜಿನ ಆ್ಯಪ್‌ನದು. ಮನೆಯವರೆಲ್ಲ ಬಳಸುತ್ತಿದ್ದ ಹಳೇ ಆ್ಯಪು ಒಳಗೊಳಗೇ ಎಲ್ಲರ ಮನೆಯ ಸುದ್ದಿಯನ್ನು ಮಾರಿಕೊಳ್ಳುತ್ತದೆ, ಅದನ್ನು ಬಿಟ್ಟು ಹೊಸದಕ್ಕೆ ಬನ್ನಿ ಎಂದು ಎಲ್ಲರ ತಲೆ ತಿಂದ. ಹೊಸದಕ್ಕೆ ಫೋನ್ ನಂಬರು ಕೂಡ ಬೇಡ, ಒಂದು ಹೆಸರು ಕೊಟ್ಟರೆ ಸಾಕು. ಅದರ ಹೆಚ್ಚುಗಾರಿಕೆಯೇ ಅದು ಎನ್ನುತ್ತಿದ್ದ. ರಜೆಯಲ್ಲಿ ಎಲ್ಲರೂ ಬೇರೆ ಊರಿನ ಅಕ್ಕನ ಮನೆಯಲ್ಲಿ ಸೇರಿದಾಗ, ಒಬ್ಬೊಬ್ಬರ ಫೋನನ್ನೂ ಕಿತ್ತುಕೊಂಡು ಹಳೆಯದನ್ನು ಅಳಿಸಿ ಹೊಸದನ್ನು ತುಂಬಿದ. ಅಕ್ಕ, ಭಾವ, ಪುಟ್ಟಿ, ಚಿಕ್ಕಪ್ಪನ ಮಕ್ಕಳು, ಎಲ್ಲರದ್ದೂ ಮುಗಿಯಿತು. ಹಳೇ ಗುಂಪಿನಲ್ಲಿ ಉಳಿದದ್ದು ಒಬ್ಬಳೇ. ಮಂಡಿನೋವೆಂದು ಬಾರದೆ ಉಳಿದಿದ್ದ ದೊಡ್ಡಮ್ಮ.

ದೊಡ್ಡಮ್ಮನೆಂದರೆ ಬರೀ ದೊಡ್ಡಮ್ಮನಲ್ಲ. ಅಮ್ಮ ತೀರಿಕೊಂಡ ಮೇಲೆ ಅಕ್ಕನನ್ನೂ ಅವನನ್ನೂ ಸಾಕಿದವಳು. ಬಟ್ಟೆ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಾ ವಯಸ್ಸು ಕಳೆದವಳು. ಮಗ್ಗಗಳ ಸದ್ದು ಅವಳ ಕಿವಿಯನ್ನು ಸಂಬಳಕ್ಕಿಂತ ಹೆಚ್ಚಾಗಿ ತಿಂದುಹಾಕಿತ್ತು. ಆ ಗದ್ದಲದಲ್ಲಿ ಹೆಂಗಸರು ತುಟಿ ನೋಡಿಯೇ ಮಾತಾಡಿಕೊಳ್ಳುತ್ತಿದ್ದರಂತೆ. ಹಾಗಾಗಿ ಎದುರಿಗೆ ಕೂತರೆ ಅವಳಿಗೆ ಎಲ್ಲವೂ ತಿಳಿಯುತ್ತಿತ್ತು, ಫೋನ್ ಕರೆ ಮಾತ್ರ ಪೂರ್ತಿ ದಂಡ. ಮನೆಮಂದಿಯ ಮಾತು ಅವಳಿಗೆ ಸಿಗುತ್ತಿದ್ದದ್ದು ಆ ಗುಂಪಿನಲ್ಲೇ. ದಿನಾ ಬೆಳಿಗ್ಗೆ ಒಂದು ಹೂವಿನ ಚಿತ್ರ ಹಾಕಿ, ಯಾರು ಏನು ತಿಂದರು, ಯಾರಿಗೆ ನೆಗಡಿ ಎಂದು ವಿಚಾರಿಸಿಕೊಂಡರೇ ಅವಳಿಗೆ ದಿನ ಶುರುವಾಗುತ್ತಿತ್ತು.

ಅವಳ ಹಳೇ ಫೋನಿಗೆ ಹೊಸ ಆ್ಯಪು ಇಳಿಯುವುದಿಲ್ಲವೆಂದು ಅವನಿಗೆ ಮೊದಲೇ ಗೊತ್ತಿತ್ತು. ಅದಕ್ಕೆ ತಾನು ಬಳಸಿ ಬಿಟ್ಟಿದ್ದ ಒಳ್ಳೇ ಫೋನೊಂದನ್ನು ಒರೆಸಿ, ಅದರಲ್ಲಿ "ದೊಡ್ಡಮ್ಮ" ಎಂದು ಹೆಸರು ಹಾಕಿ, ಅವಳ ನಗುವ ಫೋಟೋ ಅಂಟಿಸಿ, ಹೊಸ ಗುಂಪಿಗೂ ಸೇರಿಸಿ, ಎಲ್ಲ ಸಿದ್ಧ ಮಾಡಿದ. ಇನ್ನು ಕೊಟ್ಟು ಬರುವುದೊಂದೇ ಬಾಕಿ. ಅವಳ ಮನೆ ಅವನಿದ್ದ ಊರಿನಲ್ಲೇ, ಇನ್ನೊಂದು ತುದಿಯಲ್ಲಿ, ಒಂದು ಬಸ್ಸಿನ ದೂರ. ಭಾನುವಾರ ಹೋದರಾಯಿತು ಎಂದು ಫೋನನ್ನು ಮೇಜಿನ ಡ್ರಾಯರಿನಲ್ಲಿಟ್ಟ.

ಭಾನುವಾರಕ್ಕಿಂತ ಮೊದಲು ಬಂದವನು ಹಳೇಕೀಲಿ. ಚರ್ಚಾಕಟ್ಟೆಯಲ್ಲಿ ಆ ಹೆಸರಿನಲ್ಲಿ ಬರೆಯುತ್ತಿದ್ದ ಆಸಾಮಿಗೂ ಸೆಟ್ಟಿಂಗ್ಸ್ ಮಾವನಿಗೂ ಎಣ್ಣೆ ಸೀಗೇಕಾಯಿ. ಹಳೇಕೀಲಿ ಬರೆದಿದ್ದ: "ಆ್ಯಪ್ ಬದಲಿಸೋದು ನಿಮ್ಮಂಥ ಹುಡುಗಾಟದವರಿಗೆ ಸುಲಭ. ಮನೆಯ ಹಿರಿಯರೊಬ್ಬರು ಹೊರಗೆ ಉಳಿದರೆ ನಿಮ್ಮ ಗೋಪ್ಯತೆ ಯಾರಿಗೆ ಬೇಕು?" ನಮ್ಮ ಮಾವನಿಗೆ ಮೈ ಉರಿಯಿತು. ಹೊರಗೆ ಕಾಲು ಮುರಿದುಕೊಂಡವನೊಬ್ಬ ನರಳುತ್ತಾ ಕಾಯುತ್ತಿದ್ದರೂ ಲೆಕ್ಕಿಸದೆ ಟೈಪ್ ಮಾಡಿದ: "ನಮ್ಮ ದೊಡ್ಡಮ್ಮನೂ ಬಳಸುತ್ತಾರೆ. ವಯಸ್ಸಾದವರು, ಕಿವಿ ಸ್ವಲ್ಪವೂ ಕೇಳಿಸುವುದಿಲ್ಲ. ಅವರಿಗೆ ಆದದ್ದು ನಿಮಗೆ ಆಗುವುದಿಲ್ಲವೇ?"

ಚಪ್ಪಾಳೆಯೋ ಚಪ್ಪಾಳೆ. ಆ ಮಾತನ್ನು ಜನ ಎತ್ತಿಕೊಂಡು ಮೆರೆಸಿದರು. ಆಮೇಲೆ ಯಾರು ಯಾವ ಆ್ಯಪಿನ ಬಗ್ಗೆ ಗೊಣಗಿದರೂ ಇನ್ಯಾರೋ ಬಂದು "ದೊಡ್ಡಮ್ಮನೂ ಬಳಸುತ್ತಾರೆ" ಎಂದು ಬಾಯಿ ಮುಚ್ಚಿಸುವುದು ಅಲ್ಲಿ ರೂಢಿಯಾಯಿತು. ಹಳೇಕೀಲಿ ಸುಮ್ಮನಾದ. ಸುಳ್ಳಲ್ಲವಲ್ಲ ಎಂದು ಇವನು ತನಗೆ ತಾನೇ ಹೇಳಿಕೊಂಡ. ಈ ಭಾನುವಾರ ಹೋಗಿ ಫೋನು ಕೊಟ್ಟರೆ ನಿಜವೇ ಆಗುತ್ತದೆ.

ಆ ಭಾನುವಾರ ಮಳೆ. ಮುಂದಿನ ಭಾನುವಾರ ಡ್ಯೂಟಿ. ಅದರ ಮುಂದಿನದಕ್ಕೆ ಕಾರಣವೇ ಇರಲಿಲ್ಲ, ಇದ್ದದ್ದು ನಾಚಿಕೆ. ಇಷ್ಟು ದಿನ ಯಾಕೆ ಬರಲಿಲ್ಲ ಎಂದರೆ ಏನು ಹೇಳುವುದು? ಹೋಗದ ದಿನಗಳು ಹೆಚ್ಚಾದಷ್ಟೂ ಹೋಗುವುದು ಕಷ್ಟವಾಯಿತು. ಈ ನಡುವೆ ಅವಳಿಗೆ ಬೇಕಾದ ದಿನಸಿಯನ್ನು ಆನ್‌ಲೈನಿನಲ್ಲಿ ಆರ್ಡರ್ ಮಾಡಿ ಬಾಗಿಲಿಗೇ ತಲುಪಿಸಿ, ನಾನೇನು ಅವಳನ್ನು ಮರೆತಿದ್ದೇನೆಯೇ ಎಂದು ಸಮಾಧಾನ ಮಾಡಿಕೊಂಡ.

ಇತ್ತ ಹೊಸ ಗುಂಪಿನಲ್ಲಿ ದೊಡ್ಡಮ್ಮನ ನಗುವ ಫೋಟೋ ಎಲ್ಲರಿಗೂ ಕಾಣುತ್ತಿತ್ತು. "ದೊಡ್ಡಮ್ಮ ಯಾಕೋ ಮಾತೇ ಆಡಲ್ವಲ್ಲೋ" ಎಂದು ಅಕ್ಕ ಫೋನು ಮಾಡಿ ಕೇಳಿದಳು.

"ಓದ್ತಾಳೆ ಕಣೇ. ಬರೆಯೋದು ಇನ್ನೂ ಅಭ್ಯಾಸ ಆಗಬೇಕು."

ಹಾಗೆಂದವನು ಡ್ರಾಯರ್ ತೆಗೆದ. ಡ್ರಾಯರಿನೊಳಗಿನ ಫೋನಿನಲ್ಲಿ, ಹೊಸ ಗುಂಪಿಗೆ ಪುಟ್ಟಿ ಹಾಕಿದ ಮೆಸೇಜು ಬಂದು ಕೂತಿತ್ತು. ಈಜು ಕಲಿತು ಕೊಳದ ದಡದಲ್ಲಿ ನಿಂತ ಫೋಟೋ. "ದೊಡ್ಡಜ್ಜೀ, ನೋಡು! ನಿಂಗೆ ತೋರಿಸೋಕೇ ಹಾಕಿರೋದು." ಯಾರೂ ಉತ್ತರಿಸದಿದ್ದರೆ ಮಗು ಮುಖ ಸಪ್ಪೆ ಮಾಡಿಕೊಳ್ಳುತ್ತದೆ ಎಂದುಕೊಂಡು, ಅಥವಾ ಹಾಗೆಂದುಕೊಂಡೆ ಎಂದುಕೊಂಡು, ಅವನು ಅದರ ಕೆಳಗೆ ಒಂದು ಹೆಬ್ಬೆರಳು ಒತ್ತಿದ. ಮೇಲೆತ್ತಿದ ಹೆಬ್ಬೆರಳು, ಭೇಷ್ ಎನ್ನುವಂಥದ್ದು. ತಕ್ಷಣ ಪುಟ್ಟಿ ಕುಣಿಯುವ ಗೊಂಬೆ ಕಳಿಸಿದಳು. ಅವನು ಸುಟ್ಟುಕೊಂಡವನ ಹಾಗೆ ಕೈ ಹಿಂದೆಳೆದು ಡ್ರಾಯರ್ ಮುಚ್ಚಿದ.

ಅವತ್ತಿನಿಂದ ಆ ಡ್ರಾಯರಿಗೆ ಬೆನ್ನು ಹಾಕಿಯೇ ಕೂರುತ್ತಿದ್ದ. ಸುಳ್ಳು ಹೇಳಿದ್ದು ಒಂದು. ಅವಳ ಮುಖ ಅಂಟಿಸಿಕೊಂಡು ಅವಳ ಹಾಗೆ ನಟಿಸಿದ್ದು ಇನ್ನೊಂದು. ಅಪರಿಚಿತರು ನಿಮ್ಮ ಹೆಸರಲ್ಲಿ ಖಾತೆ ತೆರೆದಾರು, ಎಚ್ಚರ ಎಂದು ಲೋಕಕ್ಕೆಲ್ಲ ಬುದ್ಧಿ ಹೇಳುತ್ತಿದ್ದವನು ಅವನೇ ಅಲ್ಲವೇ?

ಕೊನೆಗೆ ಅವನನ್ನು ಎಬ್ಬಿಸಿದವನು ಹಳೇಕೀಲಿ. ಬೈಗುಳವಿರಬೇಕೆಂದುಕೊಂಡೇ ಮೆಸೇಜು ತೆರೆದ. ಅದು ಖಾಸಗಿಯಾಗಿ ಬರೆದದ್ದು, ಮೆತ್ತಗಿನ ಧಾಟಿಯದು: "ಸರ್, ನಿಮ್ಮ ದೊಡ್ಡಮ್ಮನವರ ವಿಷಯ ಕೇಳಿ ನಮ್ಮ ತಾಯಿಗೂ ಹೊಸ ಆ್ಯಪ್ ಹಾಕಿದೆ. ಅವರಿಗೂ ಕಿವಿ ಕೇಳಿಸಲ್ಲ. ಮೆಸೇಜು ಬಂದದ್ದೇ ಗೊತ್ತಾಗ್ತಿಲ್ಲ, ಪಾಪ ಫೋನು ಹಿಡಕೊಂಡು ಕೂತೇ ಇರ್ತಾರೆ. ನಿಮ್ಮ ದೊಡ್ಡಮ್ಮ ಹೇಗೆ ನಿಭಾಯಿಸ್ತಾರೆ ಅಂತ ಸ್ವಲ್ಪ ಕೇಳಿ ಹೇಳ್ತೀರಾ?"

ಅವನು ಎದ್ದ. ಹೊಟ್ಟೆ ಸರಿಯಿಲ್ಲವೆಂದು ಅರ್ಧ ದಿನ ರಜೆ ಹೇಳಿದ. ಮನೆಗೆ ಹೋಗಿ ಡ್ರಾಯರಿನ ಫೋನು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದ.

ದೊಡ್ಡಮ್ಮನ ಮನೆಯ ಬೆಲ್ಲು ಸದ್ದು ಮಾಡುವುದಿಲ್ಲ. ಒತ್ತಿದರೆ ಒಳಗೆ ಗೋಡೆಯ ಮೇಲೆ ಒಂದು ಕೆಂಪು ದೀಪ ಮಿನುಗುತ್ತದೆ. ಅದನ್ನು ಹಾಕಿಕೊಟ್ಟವನೂ ಅವನೇ, ಒಳ್ಳೇ ದಿನಗಳಲ್ಲಿ. ಬಾಗಿಲು ತೆರೆದ ದೊಡ್ಡಮ್ಮ ಅವನನ್ನು ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಮುಖದಲ್ಲಿ ಸಂತೋಷವೂ ಇತ್ತು, ಭಯವೂ ಇತ್ತು. ಎಂದಿನಂತೆ ಅವನನ್ನು ಕಿಟಕಿಯ ಎದುರಿನ ಕುರ್ಚಿಗೆ ಕೂರಿಸಿದಳು. ತುಟಿಯ ಮೇಲೆ ಬೆಳಕು ಬಿದ್ದರೆ ಅವಳಿಗೆ ಓದಲು ಸುಲಭ.

"ಕೋಪ ಇಳೀತೇನೋ?" ಎಂದಳು, ಕಿವಿ ಕೇಳದವರ ದೊಡ್ಡ ದನಿಯಲ್ಲಿ.

"ಯಾರ ಕೋಪ, ದೊಡ್ಡಮ್ಮ?"

"ನಿಮ್ಮೆಲ್ಲರದೂ. ಕೆಳಗಿನ ರೀಚಾರ್ಜ್ ಅಂಗಡಿಯವನ ಹತ್ರ ಫೋನು ಕೆಟ್ಟಿದೆಯಾ ನೋಡಪ್ಪಾ ಅಂತ ಕೊಟ್ಟೆ. ಫೋನು ಸರಿಯಾಗೇ ಇದೆ ಅಜ್ಜಿ, ಒಂದೇ ಟಿಕ್ ಇದ್ರೆ ಅವರೇ ನಿಮ್ಮನ್ನ ಬ್ಲಾಕ್ ಮಾಡಿರ್ತಾರೆ ಅಂದ. ಒಬ್ರಲ್ಲ, ಎಲ್ರೂ." ಅವಳು ಹಳೇ ಫೋನನ್ನು ಅವನ ಮುಂದೆ ಹಿಡಿದಳು. "ಏನು ತಪ್ಪು ಮಾಡಿದೆ ಅಂತ ಹೊಳೀಲಿಲ್ಲ. ಅದಕ್ಕೇ ಹೊಳೆದದ್ದಕ್ಕೆಲ್ಲ ಕ್ಷಮೆ ಕೇಳಿಬಿಟ್ಟೆ."

ಹಳೇ ಗುಂಪಿನಲ್ಲಿ ಅವಳೊಬ್ಬಳದೇ ಮಾತು. ಪುಟ್ಟಿ ಸಣ್ಣಗಾಗಿದಾಳೆ ಅಂದೆ, ಅದಕ್ಕೆ ಬೇಜಾರಾಯ್ತೇನೋ, ತಪ್ಪಾಯ್ತು. ಅಳಿಯಂದಿರ ಹೊಸ ಮೀಸೆ ನೋಡಿ ನಕ್ಕೆ, ಇನ್ನು ನಗಲ್ಲ. ಮಂಡಿನೋವು ಅಂತ ರಜೆಗೆ ಬರಲಿಲ್ಲ, ನೆಪ ಅಲ್ಲ, ನಿಜವಾಗ್ಲೂ ನೋವಿತ್ತು. ದಿನಾ ಹೂವಿನ ಚಿತ್ರ ಹಾಕೋದು ಕಿರಿಕಿರಿ ಆದ್ರೆ ನಿಲ್ಲಿಸ್ತೀನಿ. ಅದರ ಕೆಳಗೆ ಹೂವುಗಳೇ ಇರಲಿಲ್ಲ. ಒಂದೊಂದು ಮಾತಿನ ಪಕ್ಕದಲ್ಲೂ ಒಂದೊಂದೇ ಟಿಕ್.

"ದಿನಸಿ ಮಾತ್ರ ತಪ್ಪದೇ ಬರ್ತಿತ್ತು" ಎಂದಳು. "ಎಷ್ಟೇ ಕೋಪ ಇದ್ರೂ ಉಪವಾಸ ಕೆಡವಲ್ಲ ನನ್ನ ಮಕ್ಕಳು ಅಂತ ಸಮಾಧಾನ ಮಾಡ್ಕೊಂಡೆ."

ಅವನಿಗೆ ಭೂಮಿ ಬಾಯಿ ಬಿಟ್ಟರೆ ಸಾಕು ಎನ್ನಿಸಿತು. ಯಾರಿಗೂ ಕೋಪವಿಲ್ಲ, ಎಲ್ಲರೂ ಬೇರೆ ಆ್ಯಪಿಗೆ ಹೋಗಿದ್ದಾರೆ, ಅಷ್ಟೇ, ಇಗೋ ನಿನಗೂ ಫೋನು ತಂದಿದ್ದೇನೆ ಎಂದು ತಡವರಿಸುತ್ತಾ ಜೇಬಿನಿಂದ ತೆಗೆದು ಕೊಟ್ಟ. ಹಳೇ ಫೋನಿನ ಸಿಮ್ಮನ್ನು ಇದಕ್ಕೆ ಹಾಕಿ, ಮೆಸೇಜು ಬಂದರೆ ದೀಪ ಮಿನುಗುವಂತೆಯೂ, ಅಕ್ಷರ ದಪ್ಪ ಕಾಣುವಂತೆಯೂ ಅಲ್ಲೇ ಕೂತು ಮಾಡಿಕೊಟ್ಟ. ಅಷ್ಟಕ್ಕೆ ಹಿಡಿದದ್ದು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು. ಇಷ್ಟೇ ಕೆಲಸಕ್ಕೆ ಅವಳನ್ನು ಇಷ್ಟು ಕಾಲ ಅಳಿಸಿದೆನಲ್ಲ ಎಂದುಕೊಂಡ.

ದೊಡ್ಡಮ್ಮ ಕನ್ನಡಕ ಏರಿಸಿ ಹೊಸ ಗುಂಪನ್ನು ಮೇಲಿನಿಂದ ಓದತೊಡಗಿದಳು. "ದೊಡ್ಡಮ್ಮ, ಮಂಡಿ ಹೇಗಿದೆ? ಅಂತ ಕೇಳಿದಾಳೆ ನಿಮ್ಮಕ್ಕ!" ಎಂದು ಕೂಗಿದಳು. "ಅಯ್ಯೋ, ನನ್ನ ಹೂವು ಎಲ್ಲಿ ಅಂತ ಅಳಿಯಂದಿರೂ ಕೇಳಿದಾರಲ್ಲೋ!" ಕಣ್ಣೊರೆಸಿಕೊಂಡಳು, ನಕ್ಕಳು, ಮತ್ತೆ ಓದಿದಳು. ಅವನೂ ನಗಲು ನೋಡಿದ. ಹೀಗೇ ಮುಗಿದುಹೋದರೆ ಸಾಕು ಎಂದು ಒಳಗೊಳಗೇ ಬೇಡಿಕೊಂಡ.

ಪುಟ್ಟಿಯ ಈಜಿನ ಫೋಟೋದ ಹತ್ತಿರ ಅವಳ ಬೆರಳು ನಿಂತಿತು. ಕೆಳಗೆ ಹೆಬ್ಬೆರಳು, ಹೆಬ್ಬೆರಳಿನ ಪಕ್ಕದಲ್ಲಿ ಅವಳದೇ ನಗುವ ಮುಖ.

"ಇದನ್ನ ನಾನು ಹಾಕಿಲ್ಲ" ಎಂದಳು. ತಲೆಯೆತ್ತಿ ಅವನ ತುಟಿಗಳನ್ನೇ ನೋಡುತ್ತಾ ಕಾದಳು.

ಉತ್ತರವೇನೋ ಸಿದ್ಧವಿತ್ತು. ಆ್ಯಪು ತಾನಾಗಿಯೇ ಹಾಕುತ್ತೆ ದೊಡ್ಡಮ್ಮ, ಈಗೆಲ್ಲ ಹಾಗೇ. ಅವಳು ನಂಬುತ್ತಿದ್ದಳು, ಫೋನಿನ ಮೇಲೆ ಹೊರಿಸಿದ ತಪ್ಪನ್ನು ನಂಬದವರು ಯಾರಿದ್ದಾರೆ? ಅವನು ತನಗೇ ಯಾರೋ ಉಸಿರು ಬಿಗಿ ಹಿಡಿ ಎಂದ ಹಾಗೆ ಕೂತಿದ್ದ. ಕಿಟಕಿಯ ಬೆಳಕು ನೇರವಾಗಿ ಮುಖದ ಮೇಲಿತ್ತು.

"ನಾನು ಹಾಕಿದ್ದು" ಎಂದ. ದನಿ ಹೊರಡಲಿಲ್ಲ. ಅವಳಿಗೆ ದನಿ ಬೇಕಾಗಿರಲಿಲ್ಲ. "ಫೋನು ನನ್ನ ಡ್ರಾಯರಿನಲ್ಲೇ ಇತ್ತು. ಅವತ್ತಿಂದಲೂ. ನೀನು ಇದೀಯ ಅಂತ ಎಲ್ಲರಿಗೂ ನಾನೇ ನಂಬಿಸಿದೆ. ಹೊರಗಿನವರಿಗೂ ಹೇಳ್ಕೊಂಡೆ, ಜಂಬಕ್ಕೆ. ಯಾರೂ ನಿನ್ನ ಮೇಲೆ ಕೋಪ ಮಾಡ್ಕೊಂಡಿರಲಿಲ್ಲ, ದೊಡ್ಡಮ್ಮ. ನಾನು ಬರಲಿಲ್ಲ, ಅಷ್ಟೇ."

ದೊಡ್ಡಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಅವನು ಕಾಲು ಹಿಡಿದು ಅತ್ತು ಹಗುರಾಗುತ್ತಿದ್ದನೋ ಏನೋ. ಅವಳು ಫೋನಿನ ಮೇಲೆ ಬಾಗಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಸ್ವಲ್ಪ ಹೊತ್ತಿಗೆ ಅವನ ಜೇಬಿನ ಫೋನು ಗುಂಯ್‌ಗುಟ್ಟಿತು. ಹೊಸ ಗುಂಪಿನಲ್ಲಿ ದೊಡ್ಡಮ್ಮನ ಮೊದಲ ಮಾತು: "ಪುಟ್ಟೀ, ಫೋಟೋ ಇವತ್ತು ನೋಡಿದೆ. ಚೆನ್ನಾಗಿ ಈಜು ಕಲ್ತಿದೀಯ. ಇಷ್ಟು ದಿನ ನಾನು ಇಲ್ಲಿ ಇರಲಿಲ್ಲ. ಆ ಹೆಬ್ಬೆರಳು ನಂದಲ್ಲ."

ಆ ಕಡೆಯಿಂದ ಅಕ್ಕ ಬರೆದಳು: "ಅಂದ್ರೆ? ಮತ್ತೆ ಯಾರದ್ದು?"

"ಯಾರದ್ದು ಅಂತ ನೀನೇ ಬರಿ" ಎಂದಳು ದೊಡ್ಡಮ್ಮ. "ನಿನಗೆ ಟೈಪ್ ಮಾಡೋಕೆ ಚೆನ್ನಾಗಿ ಬರುತ್ತಲ್ಲ."

ಕಂಡವರನ್ನೆಲ್ಲ ಬರೆದು ಬರೆದು ಸೋಲಿಸಿದವನಿಗೆ ಮೂರು ಪದ ಹುಡುಕಲು ಕೈ ಓಡಲಿಲ್ಲ. ಬರೆದ, ಅಳಿಸಿದ. ಕಾರಣ ಸೇರಿಸಿದ, ಕಾರಣ ಕಿತ್ತುಹಾಕಿದ. ಕೊನೆಗೆ "ನಂದು. ತಪ್ಪು ನಂದು" ಎಂದಷ್ಟೇ ಕಳಿಸಿದ. ಎದುರಿಗೆ ದೊಡ್ಡಮ್ಮನ ಮಡಿಲಲ್ಲಿ ದೀಪ ಮಿನುಗಿತು.

ಅವಳು ಕನ್ನಡಕ ಸರಿಮಾಡಿಕೊಂಡು ಅದನ್ನು ಓದಿದಳು. ಹೆಬ್ಬೆರಳು ಒತ್ತಲಿಲ್ಲ.