ಅಳತೆಯ ಆಳು

ಕಾಲಿನಿಂದ ಶುರು ಮಾಡಿದರೆ ಕೆಲಸ ಸುಲಭ. ಮುಖದಿಂದ ಶುರು ಮಾಡಿದರೆ ಕೈ ತಡೆಯುತ್ತದೆ. ಇದು ಅವಳಿಗೆ ಮೊದಲ ದಿನವೇ ಗೊತ್ತಾಗಿಹೋಗಿತ್ತು. ಈಗ ಕಂಪ್ಯೂಟರ್ ಪರದೆಯ ತುಂಬ ಹರಡಿದ್ದ ಹಳೆಯ ಫೋಟೋದಲ್ಲಿ, ಪಾಳುಬಿದ್ದ ಕೋಟೆಗೋಡೆಯ ಬುಡದಲ್ಲಿ, ಅಪ್ಪನ ಚಪ್ಪಲಿಗಳ ಮೇಲೆ ಪಕ್ಕದ ಹುಲ್ಲನ್ನು ತಂದು ಹಚ್ಚಿದಳು. ಚಪ್ಪಲಿ ಹೋಯಿತು. ಆಮೇಲೆ ಮೊಣಕಾಲು, ಸೊಂಟ, ಕೈಯಲ್ಲಿ ಹಿಡಿದಿದ್ದ ಪಟ್ಟೆ ಬಳಿದ ಕೋಲು. ಗೋಡೆಯ ಕಲ್ಲುಗಳು ಒಂದೊಂದಾಗಿ ಅಪ್ಪನ ಎದೆಯ ಮೇಲೆ ಬಂದು ಕೂತವು. ಕೊನೆಗೆ ತಲೆಯೊಂದೇ ಗಾಳಿಯಲ್ಲಿ ತೇಲುತ್ತ ಉಳಿದಾಗ ಅವಳು ನಿಧಾನವಾಗಿ ಟೀ ಕುಡಿದಳು. ಅವಸರವೇನೂ ಇರಲಿಲ್ಲ. ಅಪ್ಪ ಎಲ್ಲಿಗೂ ಓಡಿಹೋಗುವವನಲ್ಲ, ನಿಲ್ಲುವುದೇ ಅವನ ಕಸುಬಾಗಿತ್ತು.

ಹಳೆಯ ತೋಟಗಳು, ಸಾಲುಮರದ ದಾರಿಗಳು, ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗುಡ್ಡದ ಹೊಲಗಳು, ಕೆರೆಯ ಪಾವಟಿಗೆಗಳು, ಇವೆಲ್ಲ ಬದಲಾಗಿ ಹೋಗುವ ಮೊದಲು ಫೋಟೋ ತೆಗೆದು ಮುಂದಿನವರಿಗೆ ಉಳಿಸಿಡುವುದು ಆ ದಾಖಲೆ ಕಚೇರಿಯ ಕೆಲಸ. ಬರೀ ಗೋಡೆಯ ಫೋಟೋ ತೆಗೆದರೆ ಅದು ಮಂಡಿಯೆತ್ತರದ್ದೋ ಮನೆಯೆತ್ತರದ್ದೋ ಯಾರಿಗೂ ತಿಳಿಯುವುದಿಲ್ಲ. ಅದಕ್ಕೆ ಪಕ್ಕದಲ್ಲಿ ಅಳತೆಕೋಲು ಹಿಡಿದು ಒಬ್ಬ ಮನುಷ್ಯ ನಿಲ್ಲಬೇಕು. ಅವನೇ ಅಳತೆಯ ಆಳು. ನೆಟ್ಟಗೆ ನಿಲ್ಲಬೇಕು, ಕ್ಯಾಮೆರಾ ನೋಡಬಾರದು, ನಗಬಾರದು, ಇದ್ದೂ ಇಲ್ಲದವನ ಹಾಗೆ ಇರಬೇಕು. ಅಪ್ಪ ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯಾಗುವವರೆಗೆ ಹೀಗೇ ನಿಂತ. ಕಚೇರಿಯವರೂ ಬೀದಿಯವರೂ ಅವನನ್ನು ಕೋಲು ಎಂದೇ ಕರೆಯುತ್ತಿದ್ದರು. ಬೇರೆಯವರಾಗಿದ್ದರೆ ಸಿಟ್ಟಾಗುತ್ತಿದ್ದರು. ಇವನು ಉಬ್ಬಿಹೋದ.

"ಇನ್ನೂರು ವರ್ಷ ಹೋಗ್ಲಿ, ಮಂತ್ರಿ ಯಾರು, ದೊಡ್ಡ ಮನುಷ್ಯ ಯಾರು ಅಂತ ಒಬ್ಬರಿಗೂ ನೆನಪಿರಲ್ಲ," ಅನ್ನುತ್ತಿದ್ದ ಟೀ ಅಂಗಡಿಯ ಬೆಂಚಿನ ಮೇಲೆ ಕೂತು. "ಕೋಲು ಇರ್ತಾನೆ. ಎಲ್ಲಾ ಕಡೆ ಇರ್ತಾನೆ."

ಎಲ್ಲಾ ಕಡೆ ಇದ್ದದ್ದೇ ಈಗ ಎಡವಟ್ಟಾಗಿತ್ತು. ಕಚೇರಿಯವರು ಆ ಫೋಟೋಗಳಲ್ಲಿ ಒಳ್ಳೆಯವನ್ನೆಲ್ಲ ಆರಿಸಿ ದೊಡ್ಡ ಪ್ರದರ್ಶನ ಮಾಡಹೊರಟಿದ್ದರು. ಹೊಸದಾಗಿ ಬಂದಿದ್ದ ಮೇಲಧಿಕಾರಿ ಮೇಡಂ ಫೋಟೋಗಳನ್ನೆಲ್ಲ ಮೇಜಿನ ಮೇಲೆ ಹರಡಿಸಿ ನೋಡಿ ತಲೆಯಾಡಿಸಿದರು.

"ಒಬ್ಬನೇ ಮನುಷ್ಯ ಎಲ್ಲಾ ಕಡೆ ನಿಂತಿದ್ರೆ ಜನ ನೆಲ ನೋಡಲ್ಲ, ಅವನನ್ನ ಹುಡುಕ್ತಾ ಹೋಗ್ತಾರೆ. ತೆಗೆದುಬಿಡೋಣ. ಜಾಗ ಜಾಗದ ಪಾಡಿಗೆ ಕಾಣ್ಲಿ." ಆಮೇಲೆ ದನಿ ತಗ್ಗಿಸಿ, "ಅವ್ರು ನಿನ್ನ ತಂದೆ ಅಂತ ಗೊತ್ತು. ಕಷ್ಟ ಅನ್ಸಿದ್ರೆ ಹೇಳು, ಬೇರೆಯವರಿಗೆ ಕೊಡ್ತೀನಿ," ಅಂದರು.

"ಬೇಡ ಮೇಡಂ. ನಾನೇ ಮಾಡ್ತೀನಿ."

ಉತ್ತರ ಅಷ್ಟು ಬೇಗ ಬಂದದ್ದಕ್ಕೆ ಮೇಡಂ ಅವಳ ಮುಖವನ್ನೇ ಒಂದು ಗಳಿಗೆ ನೋಡಿದರು. ಹಳೆಯ ನೆಗೆಟಿವ್‌ಗಳೆಲ್ಲ ಉಗ್ರಾಣದ ತೇವಕ್ಕೆ ಬೂಷ್ಟು ಹಿಡಿದು ಹಾಳಾಗಿದ್ದವು. ಉಳಿದದ್ದು ಕಂಪ್ಯೂಟರಿಗೆ ಇಳಿಸಿಕೊಂಡಿದ್ದ ಪ್ರತಿಗಳು ಮಾತ್ರ. ಅವುಗಳ ಮೇಲೇ ಕೆಲಸ ಮಾಡು, ಎರಡೆರಡು ಇಟ್ಟುಕೊಂಡರೆ ಮುಂದೆ ಗೊಂದಲ ಎಂದೂ ಮೇಡಂ ಹೇಳಿದರು. ಅಂದರೆ ಅವಳು ಅಳಿಸಿದಳೆಂದರೆ ಅಪ್ಪ ಹೋದ ಹಾಗೇ, ಮತ್ತೆ ಬರುವ ಮಾತಿಲ್ಲ.

ಮೊದಲೆರಡು ಫೋಟೋಗಳಿಗೆ ಇಡೀ ದಿನ ಹಿಡಿಯಿತು, ಸುಳ್ಳಲ್ಲ. ಆಮೇಲೆ ಕೈ ಪಳಗಿತು. ಕೈ ಪಳಗಿದ ಮೇಲೆ ರುಚಿಯೂ ಹತ್ತಿತು. ಅವಳು ಚಿಕ್ಕವಳಿದ್ದಾಗ ಅಪ್ಪ ಒಮ್ಮೆಯೂ ಹೊಡೆದವನಲ್ಲ. ತಪ್ಪು ಮಾಡಿದರೆ ಗೋಡೆಯ ಪಕ್ಕ ನಿಲ್ಲಿಸುತ್ತಿದ್ದ. "ನೆಟ್ಟಗೆ ನಿಂತ್ಕೋ" ಎಂದು ಒಂದೇ ಮಾತು. ಅವನು ಊಟ ಮಾಡಿ, ಕೈ ತೊಳೆದು, ಒಂದು ನಿದ್ದೆ ತೆಗೆದು ಏಳುವವರೆಗೂ ಅವಳು ನಿಂತಿರಬೇಕು. ಭುಜ ಇಳಿದರೆ ಮತ್ತೆ ಮೊದಲಿನಿಂದ. ಅಮ್ಮ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುವಾಗ ಅಪ್ಪ ಯಾವುದೋ ಸಾಲುಮರದ ದಾರಿಯಲ್ಲಿ ಮೋಡ ಸರಿಯಲಿ ಎಂದು ಕಾಯುತ್ತ ನಿಂತಿದ್ದ. ಆ ಫೋಟೋ ಬಹಳ ಚೆನ್ನಾಗಿ ಬಂದಿತ್ತು. ಅದರೊಳಗಿಂದ ಅಪ್ಪನನ್ನು ತೆಗೆಯುವಾಗ ಅವಳು ಮೆಲ್ಲಗೆ ಹಾಡು ಗುನುಗಿದಳು.

ಗಂಡನ ಮನೆ ಬಿಟ್ಟು ಪೆಟ್ಟಿಗೆ ಹಿಡಿದು ಬಂದ ದಿನ ಅಪ್ಪ ಬಾಗಿಲಲ್ಲಿ ಅಡ್ಡ ನಿಂತು ಹೇಳಿದ ಮಾತು ಅವಳ ಕಿವಿಯಿಂದ ಇನ್ನೂ ಇಳಿದಿರಲಿಲ್ಲ. "ನಿಲ್ಸಿದ ಕಡೆ ನಿಲ್ಲೋಕಾಗ್ಲಿಲ್ಲ ನಿನ್ನ ಕೈಲಿ. ನನ್ನ ನೋಡು, ಜೀವಮಾನ ಪೂರ್ತಿ ನಿಂತೆ." ಬೀದಿಯವರೆಲ್ಲ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದ್ದ. ಆಮೇಲೆ ಈ ಕಚೇರಿಯಲ್ಲಿ ಕೆಲಸ ಕೊಡಿಸಿದವನೂ ಅವನೇ. ಅದನ್ನೂ ಬೀದಿಯವರಿಗೆಲ್ಲ ಕೇಳಿಸಿದ್ದ.

ಪ್ರದರ್ಶನದ ಸುದ್ದಿ ತಿಳಿದಾಗಿನಿಂದ ಅಪ್ಪನ ಕಾಲು ನೆಲದ ಮೇಲಿರಲಿಲ್ಲ. ಸ್ನೇಹಿತನಾದ ಟೈಲರ್ ಹತ್ತಿರ ಹೊಸ ಅಂಗಿ ಹೊಲಿಸಿದ. ಟೀ ಅಂಗಡಿಯ ಬೆಂಚಿನವರನ್ನೆಲ್ಲ ಕರೆದ. ಪ್ರದರ್ಶನದ ಹಿಂದಿನ ದಿನ ಸಂಜೆ ಅಂಗಿಗೆ ತಾನೇ ಇಸ್ತ್ರಿ ಹಾಕುತ್ತ ಕೇಳಿದ:

"ಯಾವ್ಯಾವುದು ಹಾಕ್ತಿದಾರೆ?"

"ತುಂಬಾ ಇದೆ ಅಪ್ಪಾ."

"ಎಷ್ಟು ದೊಡ್ಡದು ಮಾಡಿದಾರೆ? ನಾನು ಆಳುದ್ದ ಕಾಣ್ತೀನಾ?"

ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಿದಳು. ಏನೇ ಆಗಲಿ, ಮುದುಕ. ನಾಳೆ ಅಷ್ಟು ಜನರೆದುರು ಬೇಡ, ಈಗಲೇ ಹೇಳಿಬಿಡೋಣ ಅನ್ನಿಸಿತು. ಬರಬೇಡ ಅಂದರೂ ಸಾಕಿತ್ತು.

"ಅಪ್ಪಾ, ಒಂದು ವಿಷಯ ಹೇಳ್ಬೇಕಿತ್ತು..."

"ಮೊದ್ಲು ಬೆನ್ನು ನೆಟ್ಟಗೆ ಮಾಡು," ಅಂದ ಅಪ್ಪ, ಇಸ್ತ್ರಿಪೆಟ್ಟಿಗೆಯಿಂದ ಕಣ್ಣು ತೆಗೆಯದೆ. "ನಾಳೆ ಹೀಗೆ ಗೂನು ಹಾಕ್ಕೊಂಡು ಬಂದು ನನ್ನ ಪಕ್ಕ ನಿಂತ್ಕೋಬೇಡ. ಇವಳಾ ಕೋಲಿನ ಮಗಳು ಅಂತ ನಗ್ತಾರೆ ಜನ. ಗಂಡನ ಮನೆಯವರು ನಕ್ಕಿದ್ದೇ ಸಾಕು."

ಅವಳು ಬೆನ್ನು ನೆಟ್ಟಗೆ ಮಾಡಿದಳು.

"ಏನೋ ಹೇಳ್ಬೇಕು ಅಂದ್ಯಲ್ಲ?"

"ಎಲ್ರನ್ನೂ ಕರ್ಕೊಂಡು ಬಾ ಅಂತ. ಜಾಗ ಬೇಕಾದಷ್ಟಿದೆ."

ಅವತ್ತು ಹಗಲು ಕಚೇರಿಯಲ್ಲಿ ಅವಳು ಅಳಿಸಿ ಮುಗಿಸಿದ ಕೊನೆಯ ಫೋಟೋ ಕೆರೆಯ ಪಾವಟಿಗೆಗಳದ್ದು. ಅದನ್ನು ಬೇಕೆಂದೇ ಹಿಂದಕ್ಕೆ ತಳ್ಳುತ್ತ ಬಂದಿದ್ದಳು. ಆ ದಿನ ಅವಳೂ ಅಲ್ಲಿದ್ದಳು. ಅಮ್ಮನಿಗೆ ಹುಷಾರಿರಲಿಲ್ಲವೆಂದು ಅಪ್ಪ ಅವಳನ್ನು ಕೆಲಸದ ಜಾಗಕ್ಕೇ ಕರೆದೊಯ್ದಿದ್ದ. ಇಳಿಹೊತ್ತಾದರೂ ಕಲ್ಲು ಕಾದು ಹಂಚಾಗಿತ್ತು. ಸುತ್ತ ಒಂದು ಗಿಡವೂ ಇರಲಿಲ್ಲ. ಅವಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಕುಣಿಯುತ್ತಿದ್ದಾಗ ಅಪ್ಪ ಕತ್ತು ತಿರುಗಿಸದೆ ಹೇಳಿದ: "ನನ್ನ ನೆರಳಲ್ಲಿ ಕೂತ್ಕೋ. ಫೋಟೋದವನು ಕೈ ಎತ್ತಿದ ತಕ್ಷಣ ಎದ್ದು ಓಡು."

ನೀರಿನ ಮೇಲೆ ಯಾವುದೋ ದೋಣಿ ಅಡ್ಡ ಇತ್ತು. ಅದು ಹೋಗಲಿ ಎಂದು ಫೋಟೋದವನು ಕಾದ, ಅಪ್ಪ ಕಾದ. ನೆರಳು ಸರಿದ ಹಾಗೆ ಅವಳೂ ಕೂತಲ್ಲೇ ಸರಿಯುತ್ತ ಹೋದಳು. ಅಪ್ಪನ ಮೂಗಿನ ಮೇಲೆ ನೊಣ ಕೂತಿತು, ಕುತ್ತಿಗೆಯಿಂದ ಬೆವರು ಇಳಿಯಿತು. ಅವನು ಅಲುಗಲಿಲ್ಲ. ಕೆಲಸಕ್ಕಾಗಿ ಅಲುಗಲಿಲ್ಲವೋ ಅವಳಿಗಾಗಿ ಅಲುಗಲಿಲ್ಲವೋ ಕೇಳಿದವರಿಲ್ಲ. ಅವಳ ಮಟ್ಟಿಗೆ ಅದು ಅವಳಿಗಾಗಿಯೇ. ಅಪ್ಪನಿಂದ ಸಿಕ್ಕಿದ್ದು ಅಂತ ಹುಡುಕಿದರೆ ಅವಳಿಗೆ ಸಿಗುತ್ತಿದ್ದದ್ದು ಅಷ್ಟುದ್ದದ ಆ ನೆರಳು ಒಂದೇ.

ಫೋಟೋದಲ್ಲಿ ಅದು ಹಾಗೇ ಇತ್ತು, ಮೆಟ್ಟಿಲಿನಿಂದ ಮೆಟ್ಟಿಲಿಗೆ ಮುರಿದು ಮುರಿದು ಇಳಿದ ಉದ್ದ ನೆರಳು. ಅವಳು ಅಪ್ಪನನ್ನು ಕಾಲಿನಿಂದ ತಲೆಯವರೆಗೆ ಅಳಿಸಿದಳು. ನೆರಳಿನ ಹತ್ತಿರ ಬಂದಾಗ ಕೈ ತೆಗೆದಳು. ಯಾವುದೋ ಕಂಬದ್ದು ಅಂದುಕೊಳ್ಳುತ್ತಾರೆ, ಯಾರು ಅಷ್ಟು ನೋಡುತ್ತಾರೆ ಅಂದುಕೊಂಡು ಹಾಗೇ ಅಚ್ಚಿಗೆ ಕಳಿಸಿದ್ದಳು.

ಮರುದಿನ ಕಚೇರಿಯ ಉದ್ದನೆಯ ಹಾಲಿನಲ್ಲಿ ಜನ ಕಿಕ್ಕಿರಿದಿದ್ದರು. ಗೋಡೆಯುದ್ದಕ್ಕೂ ಬಾಗಿಲಗಲದ ಫೋಟೋಗಳು. ಅಪ್ಪ ಹೊಸ ಅಂಗಿಯಲ್ಲಿ, ಟೈಲರನ್ನೂ ನಿವೃತ್ತ ಮೇಷ್ಟ್ರನ್ನೂ ಇನ್ನಷ್ಟು ಬೆಂಚಿನ ಗೆಳೆಯರನ್ನೂ ಹಿಂದಿಟ್ಟುಕೊಂಡು ಬಂದ. ಮೊದಲ ಫೋಟೋದ ಮುಂದೆ ನಿಂತು ಕೈ ಚಾಚಿ, "ಇದ್ರಲ್ಲಿ ನಾನು ಬಾವಿ ಪಕ್ಕ..." ಎಂದು ಶುರು ಮಾಡಿದವನು ಬಾವಿಯ ಹತ್ತಿರಕ್ಕೆ ಬಗ್ಗಿದ. ಕನ್ನಡಕ ಒರೆಸಿಕೊಂಡ. "ಇದು ಬೇರೆ ದಿನದ್ದಿರಬೇಕು," ಅಂದ.

ಎರಡನೆಯದರ ಮುಂದೆ ಟೈಲರ್ ಕೇಳಿದ. "ಎಲ್ಲಪ್ಪಾ ನೀನು? ಮರದ ಹಿಂದೆ ಹೋಗಿದ್ಯಾ?"

"ಏನು ಅವಸರ ಇತ್ತೋ ಪಾಪ," ಅಂದರು ಮೇಷ್ಟ್ರು. ಗೆಳೆಯರು ಕಿಸಕ್ಕನೆ ನಕ್ಕರು.

ಅವಳು ಮೂಲೆಯಲ್ಲಿ ಕುಡಿಯುವ ನೀರಿನ ಪಕ್ಕ ನಿಂತು ನೋಡುತ್ತಿದ್ದಳು. ಹೊಟ್ಟೆ ತಣ್ಣಗಾಯಿತು, ಇಲ್ಲವೆಂದರೆ ತಪ್ಪಾಗುತ್ತದೆ. ಗುಡ್ಡದ ಹೊಲ, ಕೋಟೆಗೋಡೆ, ಸಾಲುಮರ, ಪ್ರತಿಯೊಂದರ ಮುಂದೂ ಅಪ್ಪ ನಿಂತ, ಪ್ರತಿಯೊಂದರಲ್ಲೂ ತಾನಿರಬೇಕಾದ ಜಾಗಕ್ಕೇ ನೆಟ್ಟಗೆ ಕಣ್ಣು ಹಾಕಿದ. ಅಲ್ಲಿ ಹುಲ್ಲಿತ್ತು, ಕಲ್ಲಿತ್ತು. "ಇವನು ಆಫೀಸಿಗೆ ಹೋಗ್ತಿದ್ನೋ ಇಲ್ಲಾ ಮನೇಲಿ ಮಲಗ್ತಿದ್ನೋ," ಎಂದು ಹಿಂದಿನಿಂದ ಯಾರೋ ಅಂದರು. ಸ್ವಲ್ಪ ಹೊತ್ತಿಗೆ ಗೆಳೆಯರ ನಗುವೂ ನಿಂತಿತು. ಅವರೆಲ್ಲ ಬಿಸ್ಕತ್ತಿನ ತಟ್ಟೆಯ ಕಡೆ ಮೆಲ್ಲಗೆ ಜಾರಿದರು. ಅಪ್ಪ ಒಬ್ಬನೇ ಮುಂದೆ ಮುಂದೆ ಹೋದ. ಅವನ ಭುಜ ಮಾತ್ರ ಇಳಿಯಲಿಲ್ಲ. ಅದನ್ನು ನೋಡಿದ ಮೇಲೆ ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೇಗಾದರೂ ಅವನನ್ನು ಕರೆದುಕೊಂಡು ಹೊರಗೆ ಹೋಗೋಣ ಎಂದು ಜನರ ನಡುವೆ ದಾರಿ ಮಾಡಿಕೊಂಡು ಹೊರಟಳು.

ಅಷ್ಟರಲ್ಲಿ ಅಪ್ಪ ಕೆರೆಯ ಪಾವಟಿಗೆಗಳ ಮುಂದೆ ನಿಂತಿದ್ದ. ಬಹಳ ಹೊತ್ತು ನೋಡಿದ. ಅವನ ಮುಖ ಸಡಿಲವಾಯಿತು. ಸಿಕ್ಕಿತು, ಅವನಿಗೆ ಸಿಕ್ಕಿತು ಅಂದುಕೊಂಡಳು ಅವಳು. ಕಣ್ಣು ಮಂಜಾಯಿತು.

"ಮೇಡಂ," ಎಂದು ಅಪ್ಪ ಗಟ್ಟಿಯಾಗಿ ಕರೆದ. ಅತಿಥಿಗಳ ಜೊತೆ ಮಾತಾಡುತ್ತಿದ್ದ ಮೇಡಂ ತಿರುಗಿದರು, ಅತಿಥಿಗಳೂ ತಿರುಗಿದರು. "ಇಲ್ಲೊಂದು ತಪ್ಪಾಗಿದೆ ನೋಡಿ. ಆಳನ್ನ ತೆಗೆದಿದೀರಿ, ಆಯ್ತು, ಅದು ನಿಮ್ಮಿಷ್ಟ. ತೆಗೆದ ಮೇಲೆ ಪೂರ್ತಿ ತೆಗೀಬೇಕು. ಆಳೇ ಇಲ್ದೆ ನೆರಳು ಬೀಳುತ್ತಾ? ನಾಳೆ ನೋಡಿದವರು ನಮ್ಮ ಆಫೀಸನ್ನ ಆಡ್ಕೋತಾರೆ."

ಮೇಡಂ ಹತ್ತಿರ ಬಂದು ನೋಡಿ ನಾಲಿಗೆ ಕಚ್ಚಿಕೊಂಡರು.

"ಯಾರು ಮಾಡಿದ್ದು ಈ ಕೆಲಸ?" ಅಂದ ಅಪ್ಪ.

"ನಿಮ್ಮ ಮಗಳೇ," ಅಂದರು ಮೇಡಂ. "ಮನೇಲಿ ಹೇಳಿರಲಿಲ್ವಾ?"

ಅಪ್ಪ ಹಿಂದಕ್ಕೆ ತಿರುಗಿದ. ಅವಳು ಕೈಯಳತೆಯಲ್ಲೇ ನಿಂತಿದ್ದಳು.

"ಎಲ್ಲಾನೂ ನೀನೇನಾ?"

"ಎಲ್ಲಾನೂ," ಅಂದಳು.

ಅಪ್ಪ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದ. ಆಮೇಲೆ ಬಿಸ್ಕತ್ತು ಹಿಡಿದು ನಿಂತಿದ್ದ ಗೆಳೆಯರ ಕಡೆ ತಿರುಗಿ, "ನೋಡ್ರಪ್ಪಾ, ಅಳಿಸೋ ಕೆಲಸಾನೂ ನೆಟ್ಟಗೆ ಬರಲ್ಲ ಇವಳಿಗೆ," ಅಂದ. ಇಷ್ಟು ಹೊತ್ತು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದ ಗೆಳೆಯರಿಗೆ ಹೋದ ಜೀವ ಬಂದಂತಾಯಿತು. ಟೈಲರ್ ಎಲ್ಲರಿಗಿಂತ ಜೋರಾಗಿ ನಕ್ಕ. ಅತಿಥಿಗಳೂ ಸ್ವಲ್ಪ ನಕ್ಕರು.

ಸಂಜೆಯೊಳಗೆ ಸರಿಮಾಡು, ನಾಳೆ ಬೆಳಿಗ್ಗೆ ಹೊಸದು ಹಾಕೋಣ ಎಂದು ಮೇಡಂ ಅವಳಿಗೆ ಹೇಳಿದರು. ಅಪ್ಪ ಮನೆಗೆ ಹೋಗಲಿಲ್ಲ. "ನಾನೂ ಇರ್ತೀನಿ ಮೇಡಂ. ಒಬ್ಬಳೇ ಕೂತ್ರೆ ಮತ್ತೇನಾದ್ರೂ ಬಿಡ್ತಾಳೆ," ಅಂದ. ಮೇಡಂ ಒಪ್ಪಿದರು. ಹಳೆಯ ಕೆಲಸಗಾರ, ನಿಯತ್ತು ಅಂದರೆ ಹೀಗಿರಬೇಕು ಎಂದು ಅತಿಥಿಗಳಿಗೂ ಹೇಳಿದರು.

ಅವಳು ಕಂಪ್ಯೂಟರ್ ಮುಂದೆ ಕೂತಳು. ಅಪ್ಪ ಕುರ್ಚಿಯ ಹಿಂದೆ ನಿಂತ. ಕೂತ್ಕೋ ಅಂದರೆ ಕೂರಲಿಲ್ಲ. ಮೇಲಿನ ಮೆಟ್ಟಿಲಿನಿಂದ ಶುರುಮಾಡಿ ಅವಳು ಪಕ್ಕದ ಬಿಸಿಲನ್ನು ತಂದು ತಂದು ನೆರಳಿನ ಮೇಲೆ ಹಚ್ಚಿದಳು. ಕಾಲಿನ ನೆರಳು ಹೋಯಿತು, ಸೊಂಟದ್ದು ಹೋಯಿತು.

"ಅಂಚು ನೋಡ್ಕೋ," ಅಂದ ಅಪ್ಪ. "ಕೋಲಿಂದು ಇನ್ನೂ ಸ್ವಲ್ಪ ಇದೆ."

ಅವಳು ಕೋಲಿನ ನೆರಳನ್ನು ಅಳಿಸಿದಳು.

"ಕೆಳಗಡೆ ಮೆಟ್ಟಿಲ ಮೇಲೆ ತಲೆ ಉಳ್ಕೊಂಡಿದೆ."

ತಲೆಯನ್ನೂ ಅಳಿಸಿದಳು. ಪಾವಟಿಗೆಗಳು ಮೇಲಿನಿಂದ ನೀರಿನವರೆಗೆ ಒಂದೇ ಸಮನೆ ಬೆಳ್ಳಗಾದವು. ಅವುಗಳ ಎತ್ತರ ಎಷ್ಟೆಂದು ಈಗ ಯಾರಿಗೂ ಹೇಳಲು ಬರುವಂತಿರಲಿಲ್ಲ. ಅವಳು ಫೋಟೋವನ್ನು ಹಳೆಯದರ ಮೇಲೇ ಉಳಿಸಿದಳು.

ಅಪ್ಪ ಹಿಂದಿನಿಂದ ಬಗ್ಗಿದ. ಅವಳ ಭುಜದ ಮೇಲಿಂದ ಕೈ ಚಾಚಿ, ನಡುವಿನ ಒಂದು ಮೆಟ್ಟಿಲಿನ ಮೇಲೆ ಬೆರಳಿಟ್ಟ.

"ಇಲ್ಲೇ ಅಲ್ವಾ ನೀನು ಕೂತಿದ್ದು?" ಅಂದ. "ನಂಗೆ ಕಾಲು ನೋವು ಬಂದಿತ್ತು. ನೀನು ಎದ್ರೆ ಅಲುಗೋಣ ಅಂತ ನೋಡ್ತಾನೇ ಇದ್ದೆ."

ಅಪ್ಪ ಬಾಗಿಲ ಬಳಿ ಹೋಗಿ ಚಪ್ಪಲಿ ಹುಡುಕತೊಡಗಿದ. ಪರದೆಯ ಗಾಜಿನ ಮೇಲೆ ಅವನ ಬೆರಳಿನ ಗುರುತು ಉಳಿದಿತ್ತು, ಬಿಳಿ ಕಲ್ಲಿನ ಮೇಲೆ ಸಣ್ಣ ಜಿಡ್ಡು. ಅವಳು ಅಂಗಿಯ ತೋಳನ್ನು ಬೆರಳಿನವರೆಗೆ ಎಳೆದುಕೊಂಡು ಅದನ್ನೂ ಒರೆಸಿದಳು.